ಸತ್ತ ತಂಗಿಯ ಕೈಯ ಅಳತೆ

ನನ್ನ ತಂಗಿ ನಾಲ್ಕು ವರ್ಷದವಳಿದ್ದಾಗ ಜ್ವರ ಬಂದು ಸತ್ತಳು. ಸತ್ತ ಮೇಲೆ ಎಲ್ಲರೂ ಅವಳನ್ನು ಪಾಪದ ಮಗು, ಸಾಧು ಎಂದರು. ಪಾಪದ್ದೇನೂ ಅಲ್ಲ, ಕಚ್ಚುತ್ತಿದ್ದಳು. ನಾನು ಅವಳಿಗಿಂತ ದೊಡ್ಡವಳು. ನನಗೆ ಮದುವೆಯಾಯಿತು, ಮಕ್ಕಳಾದವು, ಅವಳು ಮರೆತೇ ಹೋದಳು. ಅಮ್ಮ ಮಾತ್ರ ಮರೆತಿರಲಿಲ್ಲ.

ಸ್ವರ್ಗ ನರಕ ಎಲ್ಲ ಪುರಾಣ ಓದಿಸಿ ಕೇಳುವವರ ಮಾತು. ನಮ್ಮ ತುಳುವರ ಮನೆಗಳಲ್ಲಿ ಸತ್ತವರು ಅಷ್ಟು ದೂರ ಹೋಗುವುದಿಲ್ಲ. ಮನೆಯೊಳಗೇ ಹಿರಿಯರ ಸಾಲಿಗೆ ಸೇರುತ್ತಾರೆ. ಆಟಿ ತಿಂಗಳ ಮಳೆಯಲ್ಲಿ ಅವರಿಗೆಲ್ಲ ಎಲೆ ಹಾಕಿ, ಕೋಳಿ ಪದಾರ್ಥ ಮಾಡಿ ಬಡಿಸುತ್ತೇವೆ. ಅದಕ್ಕೆ ಅಗೇಲು ಎನ್ನುತ್ತಾರೆ. ಆದರೆ ಮದುವೆಯಾಗದೆ ಸತ್ತವರಿಗೆ ಆ ಸಾಲಿನಲ್ಲಿ ಜಾಗವಿಲ್ಲ. ಎಳವೆಯಲ್ಲೇ ಸತ್ತವರೂ ಆಮೇಲೆ ವರ್ಷ ವರ್ಷ ಬೆಳೆಯುತ್ತಾರೆ. ಪ್ರಾಯಕ್ಕೆ ಬಂದ ಮೇಲೆ ಅವರಿಗೂ ಮದುವೆ ಮಾಡಬೇಕು, ಹಾಗೆಯೇ ಸತ್ತ ಇನ್ನೊಬ್ಬರ ಜೊತೆ. ಹೆಚ್ಚಿನ ಮನೆಗಳಲ್ಲಿ ದನ ಸತ್ತು, ಸೊಸೆಯ ಬಸಿರು ಇಳಿದು, ಜೋಯಿಸರಲ್ಲಿ ಪ್ರಶ್ನೆ ಇಡಿಸಿದ ಮೇಲೆ ಇದು ನೆನಪಾಗುತ್ತದೆ. ಅಮ್ಮ ಕಷ್ಟ ಬರಲಿ ಎಂದು ಕಾಯಲಿಲ್ಲ. ಅವಳ ಮೇಲೆ ನನಗೆ ಗೌರವ ಹುಟ್ಟಿದ್ದು ಅಲ್ಲಿಂದ.

ಕಾಸರಗೋಡು ಇನ್ನೂ ಮಂಗಳೂರಿನ ಜಿಲ್ಲೆಗೆ ಸೇರಿದ್ದ ಕಾಲ. ಬಟ್ಟೆಗೆ ಕಂಟ್ರೋಲು ಇತ್ತು, ಒಬ್ಬರಿಗೆ ಇಷ್ಟೇ ಎಂದು ಅಳೆದು ಕೊಡುತ್ತಿದ್ದರು. ಆ ವರ್ಷ ಅಮ್ಮ ಎದೆನೋವಿನಿಂದ ಮಲಗಿದವಳು, ಎದ್ದು ಕುಳಿತ ದಿನವೇ ಸೋದರಮಾವನನ್ನು ಕರೆದಳು.

"ತಮ್ಮಾ, ಸಣ್ಣವಳಿಗೆ ಒಂದು ಗಂಡು ನೋಡಬೇಕು."

"ಯಾವ ಸಣ್ಣವಳಿಗೆ?"

"ನನಗೆ ಎಷ್ಟು ಹೆಣ್ಣುಮಕ್ಕಳು ಉಂಟು ಮಾರಾಯ? ನಾನು ಸತ್ತರೆ ಅವಳನ್ನು ಊಟಕ್ಕೆ ಕರೆಯುವವರು ಯಾರು? ನೀನಾ? ನೀನು ಹೆತ್ತ ಮಕ್ಕಳನ್ನೇ ಕರೆಯುವುದಿಲ್ಲ."

ಮಾವ ಕೊಡೆ ತೆಗೆದುಕೊಂಡು ಹೊರಟ.

ಮೊದಲು ಕುಂಜತ್ತೂರಿನಿಂದ ಒಂದು ಸಂಬಂಧ ಬಂತು. ತಾಳೆಮರದಿಂದ ಬಿದ್ದು ಸತ್ತ ಹುಡುಗ. ಮನೆ ಒಳ್ಳೆಯದು. ಅಮ್ಮ ಬೇಡವೆಂದಳು.

"ಅವ ಕುಡೀತಿದ್ದ."

"ಅಕ್ಕಾ, ಸತ್ತು ಎಷ್ಟು ಕಾಲ ಆಯಿತು! ಇನ್ನೆಂತ ಕುಡಿಯುವುದು?"

"ಅಗೇಲಿನ ದಿನ ಅವನ ಎಲೆಯ ಹತ್ತಿರ ಕಳ್ಳು ಇಡುವುದಿಲ್ಲವಾ? ಮತ್ತೆ?"

ಮಾವ ಮತ್ತೆ ಕೊಡೆ ತೆಗೆದುಕೊಂಡ. ನನಗೆ ಗಂಡು ನೋಡುವಾಗ ಇಷ್ಟು ವಿಚಾರಣೆ ನಡೆದಿರಲಿಲ್ಲ. ನನ್ನವನು ಬದುಕಿರುವಾಗಲೇ ಕುಡಿಯುತ್ತಿದ್ದ.

ಕೊನೆಗೆ ಬಾಯಾರಿನ ಒಂದು ಮನೆ ಸಿಕ್ಕಿತು. ಇಪ್ಪತ್ತೆರಡನೇ ವಯಸ್ಸಿಗೆ ಹಾವು ಕಚ್ಚಿ ಸತ್ತವನು. ಉಳುವುದರಲ್ಲಿ ಗಟ್ಟಿ, ಬಾಯಿ ಕಡಿಮೆ. ಅಮ್ಮನಿಗೆ ಬಾಯಿ ಕಡಿಮೆ ಎಂಬುದು ಹಿಡಿಸಿತು. ತನ್ನ ಪಾಲಿನ ಕಂಟ್ರೋಲು ಬಟ್ಟೆಯನ್ನು ಬಿಟ್ಟುಕೊಟ್ಟು ಮದುಮಗಳಿಗೆ ಒಂದು ಕೆಂಪು ಸೀರೆ ಹೊಂದಿಸಿದಳು. ಆ ವರ್ಷವೆಲ್ಲ ತಾನು ತೇಪೆ ಹಾಕಿದ್ದನ್ನೇ ಉಟ್ಟಳು.

ಮದುವೆ ಆಟಿಯಲ್ಲಿ, ಬಾಯಾರಿನಲ್ಲೇ. ಇಂಥ ಮದುವೆಯನ್ನು ಮದುವೆಯಾಗದವರು ನೋಡಬಾರದು. ನನಗೆ ಆಗಿತ್ತಲ್ಲ, ಹೋದೆ. ಚಾವಡಿಯಲ್ಲಿ ಎರಡು ಮಣೆ ಇಟ್ಟು, ಒಂದರ ಮೇಲೆ ಪಂಚೆ, ಶಾಲು, ಇನ್ನೊಂದರ ಮೇಲೆ ನಮ್ಮ ಸೀರೆ ಇಟ್ಟಿದ್ದರು. ಆಗ ಹುಡುಗನ ತಾಯಿ ಬಳೆಯ ತಟ್ಟೆ ತಂದಿಟ್ಟರು. ಅಮ್ಮ ಅದನ್ನು ನೋಡಿ ಅಲ್ಲೇ ನಿಂತುಬಿಟ್ಟಳು. ಬಳೆ ಇಷ್ಟಿಷ್ಟೇ ಇದ್ದವು, ತೊಟ್ಟಿಲ ಮಗುವಿನ ಬಳೆಯ ಹಾಗೆ.

"ಇದು ಯಾರಿಗೆ?"

"ನಿಮ್ಮ ಮಗಳಿಗೆ ಅಕ್ಕಾ. ನಾಲ್ಕು ವರ್ಷಕ್ಕೆ ಹೋದದ್ದು ಅಂತ ಹೇಳಿ ಕಳಿಸಿದ್ದಿರಲ್ಲ."

"ಹೋದದ್ದು ನಾಲ್ಕಕ್ಕೆ. ಈಗಲೂ ನಾಲ್ಕಾ? ನನ್ನ ಮಗಳು ಬೆಳೆದಿದ್ದಾಳೆ. ನಾಲ್ಕು ವರ್ಷದ ಮಗುವನ್ನು ಮದುವೆ ಮಾಡಿ ಕೊಡಲಿಕ್ಕೆ ನನಗೆ ಎಂತ ಮರ್ಲಾ, ಹುಚ್ಚಾ?"

ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹುಡುಗನ ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು ಕೇಳಿದರು:

"ಆಯ್ತು, ಹುಡುಗಿ ಬೆಳೆದಳು ಅಂತ ಇಟ್ಟುಕೊಳ್ಳುವ. ಹಾಗಾದರೆ ನಮ್ಮ ಹುಡುಗನೂ ಬೆಳೆದಿರಬೇಕಲ್ಲ? ಅವ ಹೋಗಿ ಎಷ್ಟು ಕಾಲ ಆಯಿತು! ಈಗ ಅವನಿಗೆ ತಲೆ ನೆರೆಯುವ ಹೊತ್ತು. ಅಂಥವನಿಗೆ ಕೊಡ್ತೀರಾ?"

ಇದನ್ನು ಅಮ್ಮ ಯೋಚಿಸಿರಲಿಲ್ಲ. ಸೀರೆಯನ್ನು ಮಡಚಿ ವಾಪಸು ತರಲು ಅವಳ ಕೈ ಮುಂದೆ ಹೋಯಿತು. ತಂದರೆ ಮತ್ತೆ ಇನ್ನೊಂದು ಮನೆ ಹುಡುಕುವಷ್ಟು ಅವಳ ಎದೆ ಗಟ್ಟಿ ಇರಲಿಲ್ಲ. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಮಾವ ಜಗಲಿಯಲ್ಲಿ ಮಳೆ ನೋಡುತ್ತಾ ನಿಂತ.

ಹುಡುಗನ ತಾಯಿ ಸಣಕಲು ಹೆಂಗಸು. ಅಲ್ಲಿಯವರೆಗೆ ಒಲೆಯ ಬುಡದಿಂದಲೇ ಹೆಚ್ಚು ಎದ್ದಿರಲಿಲ್ಲ. ಸೀದಾ ತಮ್ಮ ಭಾವನ, ಆ ದೊಡ್ಡಪ್ಪನ ಎದುರು ಬಂದು ನಿಂತರು.

"ಬಾಳೆ ಗೊನೆ ಹಾಕಿದ ಮೇಲೆ ಮತ್ತೆ ಮೇಲೆ ಹೋಗ್ತದಾ ಭಾವ? ನನ್ನ ಮಗ ಬೆಳೆದು ಆಳಾಗಿಯೇ ಹೋದವ. ಅವನಿಗೆ ಬೆಳೆಯಲಿಕ್ಕೆ ಇನ್ನೆಂತ ಬಾಕಿ ಉಂಟು? ಬೆಳೆಯಲಿಕ್ಕೆ ಇದ್ದದ್ದು ಹುಡುಗಿ, ಅವಳು ಬೆಳೆದಳು. ನೀವು ಹೋಗಿ ಕೂತುಕೊಳ್ಳಿ." ಅಮ್ಮನ ಕಡೆ ತಿರುಗಿ, "ಕೈ ಎಷ್ಟು ದೊಡ್ಡದು, ಹೇಳಿ ಅಕ್ಕಾ" ಎಂದರು.

ದೊಡ್ಡ ಪಂಡಿತರು ಆತ್ಮದ ಬಗ್ಗೆ ಮಾತಾಡಿದ್ದನ್ನು ನಾನು ಆಮೇಲೆ ಕೇಳಿದ್ದೇನೆ. ಹಾಗೆ ನೇರ ಹೇಳಿದವರನ್ನು ನೋಡಿಲ್ಲ.

ಅಮ್ಮ ನನ್ನ ಕೈ ಹಿಡಿದೆಳೆದು ತೋರಿಸಿದಳು. "ಇವಳದ್ದಕ್ಕಿಂತ ಸಣ್ಣ. ಇವಳದ್ದು ಒನಕೆ ಹಿಡಿದು ಅಗಲ ಆಗಿದೆ. ಅವಳದ್ದು ಸಪೂರ ಕೈ."

ಹುಡುಗನ ತಾಯಿ ಒಳಗೆ ಹೋಗಿ ತಮ್ಮ ಕಿರಿಯ ಸೊಸೆಯ ಪೆಟ್ಟಿಗೆಯಿಂದ ಹಸಿರು ಬಳೆ ತಂದರು. ಅಮ್ಮ ಅದನ್ನು ನನ್ನ ಕೈಗೆ ಹಾಕಿ ನೋಡಿದಳು. ಗೆಣ್ಣಿನ ಹತ್ತಿರ ಸಿಕ್ಕಿಕೊಂಡಿತು. ತಿರುಪಿದಳು, ಒತ್ತಿದಳು, ನನಗೆ ಕಣ್ಣಲ್ಲಿ ನೀರು ಬಂತು. ನೋವಿಗೆ, ಬೇರೇನಕ್ಕೂ ಅಲ್ಲ. ಬಳೆ ಒಳಗೆ ಹೋಗಲಿಲ್ಲ.

"ಹಾಂ, ಇದು ಸರಿ" ಎಂದಳು ಅಮ್ಮ. ಬಳೆ ಎಳೆದು ತೆಗೆದು ಸೀರೆಯ ಮೇಲಿಟ್ಟಳು.

ಧಾರೆ ಎರೆದರು. ಕರಿಮಣಿ ಇಟ್ಟರು. ಎರಡು ಮಣೆಯನ್ನು ಒಂದಕ್ಕೊಂದು ತಾಗಿಸಿದರು. ಆ ಸೀರೆಯೊಳಗೆ ಯಾರಾದರೂ ಇದ್ದರೋ ಎಂದು ನನ್ನನ್ನು ಕೇಳಬೇಡಿ. ನನಗೆ ಕಾಣಲಿಲ್ಲ. ಕಂಡದ್ದು ಇಬ್ಬರು ಹೆಂಗಸರು. ಬೆಳಿಗ್ಗೆಯವರೆಗೆ ಗುರುತಿಲ್ಲದವರು, ಊಟಕ್ಕೆ ಒಟ್ಟಿಗೆ ಕುಳಿತು, ಮಕ್ಕಳ ದೂರು ಹೇಳಿಕೊಳ್ಳುತ್ತಿದ್ದರು.

"ಅವಳಿಗೆ ಖಾರ ಆಗುವುದಿಲ್ಲ, ನೋಡಿಕೊಳ್ಳಿ" ಎಂದಳು ಅಮ್ಮ.

"ಇವನಿಗೆ ಖಾರ ಇಲ್ಲದಿದ್ದರೆ ಇಳಿಯುವುದಿಲ್ಲ ಅಕ್ಕಾ. ಎಂತ ಮಾಡುವುದು, ಎರಡು ಪಾತ್ರೆ ಇಡ್ತೇನೆ."

ಅಮ್ಮ ಮತ್ತೆ ಕೆಲವು ವರ್ಷ ಬದುಕಿದಳು. ಅವಳು ತೀರಿಕೊಂಡ ಸುದ್ದಿಯನ್ನು ಮಾವ ಬಾಯಾರಿಗೂ ಹೇಳಿ ಕಳಿಸಿದ. ಅಷ್ಟು ದೂರದಿಂದ ಯಾರು ಬರುತ್ತಾರೆ ಎಂದುಕೊಂಡಿದ್ದೆ. ಉತ್ತರಕ್ರಿಯೆಯ ದಿನ ಆ ಸಣಕಲು ಹೆಂಗಸು ಕೋಲೂರಿಕೊಂಡು ಅಂಗಳಕ್ಕೆ ಬಂದರು. ಬೀಗರು ತರಬೇಕಾದ ಅಕ್ಕಿ, ತೆಂಗಿನಕಾಯಿ, ಎಲ್ಲ ತಂದಿದ್ದರು. ಕಾಲು ತೊಳೆಯಲು ನೀರು ಕೊಟ್ಟೆ.

"ತಡ ಆಯಿತು ಮಗಾ. ಹೊರಡುವಾಗ ಒಳಗೆ ದೀಪ ಇಟ್ಟು ನಿನ್ನ ತಂಗಿಗೆ ಹೇಳಿ ಬಂದೆ, ನಿನ್ನ ಅಮ್ಮ ಬರ್ತಾ ಇದ್ದಾಳೆ ಅಂತ. ಮಗಳಿಗೆ ತಿಳಿಸದೆ ಬರಲಿಕ್ಕೆ ಆಗ್ತದಾ?"

ನಾನು ಅವರನ್ನು ನೆಂಟರ ಸಾಲಿನಲ್ಲಿ ಕೂರಿಸಿ ಬಡಿಸಿದೆ. ಚೆನ್ನಾಗಿ ಉಂಡರು. ಪಲ್ಯ ಇನ್ನೊಮ್ಮೆ ಹಾಕಿಸಿಕೊಂಡರು.