ಗೋದಲಿಗೆಂದು ಕದ್ದ ಕಿಟಕಿ ಬಾಗಿಲು

ಕದ್ದವಳು ನಾನು, ಹಮೀದಾಕ. ಲಿವಾದ ಆ ಮಣ್ಣಿನ ಮನೆಯ ಕಿಟಕಿಯ ಪುಟ್ಟ ಮರದ ಬಾಗಿಲನ್ನು — ಅಂಗೈಗಿಂತ ತುಸು ದೊಡ್ಡದು, ನಡುವೆ ಏಳು ಎಸಳಿನ ಹೂವಿನ ಕೆತ್ತನೆ — ಚೀಲಕ್ಕೆ ಹಾಕಿಕೊಂಡವಳು ನಾನೇ. ಕೆಲಸ ಕಳೆದುಕೊಂಡವರು ನೀವು.

ರುವೈಸ್‌ನ ನಮ್ಮ ಕಾಲೊನಿಯವರು ಪಿಕ್‌ನಿಕ್‌ಗೆ ಬಂದಿದ್ದೆವು. ಮರಳಿನ ನಡುವೆ ಮೊದಲ ಬಾವಿ ತೋಡಿ ನೆಲೆ ನಿಂತವರು ಕಟ್ಟಿದ ಮನೆ ಅದು. ಅವರ ಮೊಮ್ಮಗ ನಿಮ್ಮನ್ನು ಕಾವಲಿಗಿಟ್ಟಿದ್ದರು. ಯಾರನ್ನೂ ಒಳಗೆ ಬಿಡಬಾರದೆಂದು ಅಪ್ಪಣೆ. ನಾನು ತುಳುವಿನಲ್ಲಿ ಮಾತಾಡಿಸಿದೆ. ನನ್ನದೂ ಬಂಟ್ವಾಳ ಎಂದದ್ದೇ ತಡ, ಬೀಗ ತೆಗೆದಿರಿ. “ಊರಿನವರಿಗೆ ಇಲ್ಲ ಅನ್ಲಿಕ್ಕೆ ಆಗ್ತದಾ ಬಾಯಮ್ಮ?” ಎಂದು ನಮಗೆಲ್ಲ ಸುಲೈಮಾನಿ ಚಹಾ ಕಾಸಿಕೊಟ್ಟಿರಿ. ನಿಮಗೆ ಲೋಟ ಉಳಿಯಲಿಲ್ಲ. ಅದನ್ನೂ ಗಮನಿಸಿದ್ದೆ — ಗಮನಿಸಿಯೂ...

ಬಾಗಿಲಿನ ತಿರುಗಣಿ ಸಡಿಲವಾಗಿತ್ತು. ನನ್ನ ತಲೆಯಲ್ಲಿ ಕ್ರಿಸ್ಮಸ್ ಗೋದಲಿ ಸ್ಪರ್ಧೆ. ಎಲ್ಲರ ಕೊಟ್ಟಿಗೆಯೂ ಥರ್ಮೊಕೋಲಿನದು. ನನ್ನ ಬಾಲಯೇಸುವಿಗೆ ಮಾತ್ರ ನಿಜವಾದ ಹಳೆಯ ಮರ. ಮೊದಲ ಬಹುಮಾನ ನನಗೇ ಬಂತು. ಥೂ.

ನಾನೇ ಕೊಟ್ಟಿದ್ದ ನಂಬರಿಗೆ ನೀವು ಫೋನ್ ಮಾಡಿದಿರಿ. “ಮಕ್ಕಳು ಯಾರಾದ್ರೂ ಆಟಕ್ಕೆ ತಕ್ಕೊಂಡು ಹೋದ್ರಾ, ಒಮ್ಮೆ ಕೇಳಿ ನೋಡ್ತೀರಾ ಬಾಯಮ್ಮ?” ಗೋದಲಿ ಎದುರಿಗೇ ಇತ್ತು, ಪುಟ್ಟ ಬಲ್ಬುಗಳು ಮಿನುಗುತ್ತಿದ್ದವು. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಮೆತ್ತನೆಯ ದನಿಯಲ್ಲೇ ಹೇಳಿದೆ: “ನಮ್ಮ ಮಕ್ಕಳು ಹಾಗೆಲ್ಲ ಮಾಡುದಿಲ್ಲ ಹಮೀದಾಕ.”

ವಾರದೊಳಗೆ ನಿಮ್ಮ ವೀಸಾ ಕ್ಯಾನ್ಸಲ್. ಮನೆ ನೋಡಲು ಬಂದವರಿಗೆ ಸಾಮಾನು ಮಾರುವ ಕಳ್ಳ ಎಂದು ಊರಿಗೆ ಅಟ್ಟಿದರು.

ಗಂಡನಿಗೆ ಹೇಳಿದ್ದೆ. “ಸುಮ್ಮನಿರು. ಬಾಯಿ ಬಿಟ್ರೆ ನಮ್ಮದೂ ಖಲಾಸ್” ಎಂದರು. ಎಷ್ಟೋ ವರ್ಷ ಅವರ ಮೇಲೆಯೇ ಹಲ್ಲು ಕಡಿದೆ — ಅದು ಸುಲಭ. ಆದರೆ ಅವರು ನನ್ನ ಬಾಯಿಗೆ ಕೈ ಅಡ್ಡ ಹಿಡಿದಿರಲಿಲ್ಲ. ಪಾಪನಿವೇದನೆಗೂ ಹೋದೆ. ಹತ್ತು ನಮಾನ್ ಮರಿಯೆ ಜಪ ಹೇಳು, ವಸ್ತುವನ್ನು ಹಿಂದಿರುಗಿಸು, ನಿಜ ಹೇಳು ಎಂದರು ಪಾದ್ರಿ. ಹತ್ತನ್ನೂ ಮಂಡಿಯೂರಿ ಹೇಳಿ ಮುಗಿಸಿ, ಉಳಿದದ್ದನ್ನು ಮರೆತಂತೆ ಮನೆಗೆ ಬಂದೆ. ಎಂಥ ಹೆಂಗಸು! ‘ಪಾಪದ ಬಾಯಮ್ಮ, ಇರುವೆಯನ್ನೂ ನೋಯಿಸದವಳು’ ಎಂದು ಕಾಲೊನಿಯಲ್ಲಿ ಯಾರಾದರೂ ಹೊಗಳಿದರೆ ಈಗ ಮೈ ಉರಿಯುತ್ತದೆ.

ಕ್ಷಮಿಸಿ ಎಂದು ಕೇಳುವುದಿಲ್ಲ, ಹಮೀದಾಕ. ‘ಕ್ಷಮಿಸಿದೆ’ ಎಂಬ ಮಾತನ್ನೂ ನಿಮ್ಮಿಂದ ಕಿತ್ತುಕೊಳ್ಳುವ ಹಕ್ಕು ನನಗಿಲ್ಲ. ಈ ಶುಕ್ರವಾರ ಆ ಪುಟ್ಟ ಬಾಗಿಲನ್ನು ತೆಗೆದುಕೊಂಡು ಲಿವಾಕ್ಕೆ ಹೋಗುತ್ತೇನೆ. ಆ ಮನೆಯ ಯಜಮಾನರೆದುರು ನಿಂತು ಕದ್ದವಳೆಂದು ನನ್ನ ಹೆಸರು ಹೇಳುತ್ತೇನೆ, ಆಮೇಲೆ ಕದಿಯದವರೆಂದು ನಿಮ್ಮ ಹೆಸರು. ವೀಸಾ ಹೋಗುವುದಾದರೆ ಹೋಗಲಿ. ಹೋಗುವುದನ್ನು ಗಂಡನಿಗೆ ಇನ್ನೂ ತಿಳಿಸಿಲ್ಲ. ಕಾರಿನ ಕೀಲಿ ಕೇಳುವಾಗ ತಿಳಿಸುತ್ತೇನೆ.