ಎತ್ತರದಿಂದ ಹೊಯ್ದ ನೀರು

ನಲವತ್ತು ವರ್ಷ ಹಾಡು ಬರೆದು ಹಾಡಿದ ಮನುಷ್ಯನೊಬ್ಬ ಅಷ್ಟನ್ನೂ ಹೆಬ್ಬೆರಳಿನಷ್ಟು ದಪ್ಪದ ಒಂದು ಪೆನ್ ಡ್ರೈವಿಗೆ ತುಂಬಿಸಿ ಬಿಡುಗಡೆ ಮಾಡಿಕೊಂಡ. ಅದರ ಮೇಲೆ ತನ್ನದೇ ಮುಖವನ್ನು ಅಚ್ಚು ಹಾಕಿಸಿದ್ದ. ಮುಖ ಅಷ್ಟು ಸಣ್ಣದಾಗಿದ್ದರೂ ಮೀಸೆಗೆ ಹಚ್ಚಿದ ಕಪ್ಪು ಮಾತ್ರ ಚೆನ್ನಾಗಿ ಕಾಣುತ್ತಿತ್ತು. ಜೊತೆಗೊಂದು ಸಣ್ಣ ಪುಸ್ತಕ ಬೇರೆ. ಅದರಲ್ಲಿ ಯಾವ ಹಾಡು ಎಲ್ಲಿ ಹುಟ್ಟಿತು, ಆಗ ಅವನ ಮನಸ್ಸಿನಲ್ಲಿ ಎಂಥ ತಳಮಳವಿತ್ತು ಎಂದೆಲ್ಲ ಅವನೇ ಬರೆದುಕೊಂಡಿದ್ದ.

ನಾನು ವಿಜಯಪುರದ ಒಂದು ಸರಕಾರಿ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕಿ. ಬಿಡುಗಡೆ ಸಮಾರಂಭಕ್ಕೆ ನನ್ನನ್ನು ಯಾರೂ ಕರೆದಿರಲಿಲ್ಲ. ಹೋಗಿ ಬಂದ ಸಹೋದ್ಯೋಗಿಯೊಬ್ಬಳು ಎರಡು ಪೆನ್ ಡ್ರೈವ್ ತಂದಿದ್ದಳು, ಒಂದನ್ನು ನನ್ನ ಮೇಜಿನ ಮೇಲಿಟ್ಟು, "ನಿಮ್ಮೂರ ಕಡ್ಯಾವರಂತಲ್ರಿ, ಕೇಳ್ರಿ" ಎಂದಳು. ಅವನ ಹಿಮ್ಮೇಳದಲ್ಲಿ ನಾನು ಆರು ವರ್ಷ ಹಾಡಿದ್ದೆ ಎಂದು ಅವಳಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ಅವನು ಬಬಲೇಶ್ವರದ ಕಿರಾಣಿ ಅಂಗಡಿಯವರ ಮಗ. ನಮ್ಮದು ಅಲ್ಲಿಂದ ಜೈನಾಪುರದ ಕಡೆ ಹೋಗುವ ದಾರಿಯ ಒಂದು ಹಳ್ಳಿ. ಊರಿನ ಕೊನೆಯ ಓಣಿ ನಮ್ಮದು. ಆ ಕಾಲಕ್ಕೆ ಅವನ ಮನೆಯವರು ನಮ್ಮ ಓಣಿಗೆ ಕಾಲಿಡುತ್ತಿರಲಿಲ್ಲ. ಅವನು ಇಪ್ಪತ್ತೆರಡರ ವಯಸ್ಸಿನಲ್ಲಿ ಹಾರ್ಮೋನಿಯಂ ಅನ್ನು ಸೈಕಲ್ಲಿಗೆ ಕಟ್ಟಿಕೊಂಡು ಬಂದ, ನಮ್ಮ ಮನೆಯಲ್ಲಿ ಕುಳಿತು ಚಹಾ ಕುಡಿದ, ನಮ್ಮ ಕಾಕಾ ಬಾರಿಸುವ ಹಲಗಿಯ ಪೆಟ್ಟಿಗೆ ಹಾಡು ಕಟ್ಟಿದ. ಅದನ್ನು ನಾನು ಇಲ್ಲವೆನ್ನುವುದಿಲ್ಲ. ಆಗ ನನಗೆ ಹದಿನೈದು, ನನ್ನ ಅಕ್ಕನಿಗೆ ಹತ್ತೊಂಬತ್ತು. ಇವನಷ್ಟು ದೊಡ್ಡ ಮನುಷ್ಯ ಜಗತ್ತಿನಲ್ಲೇ ಇಲ್ಲ ಎಂದು ನಾನು ನಂಬಿದ್ದೆ. ಈಗ ನೆನಸಿಕೊಂಡರೆ ನನ್ನ ಮೇಲೆಯೇ ಬೇಸರ ಬರುತ್ತದೆ.

ಒಂದು ರವಿವಾರ ಬೆಳಿಗ್ಗೆ ರೊಟ್ಟಿ ಬಡಿಯುತ್ತ ಅಡುಗೆಮನೆಯಲ್ಲೇ ಪೆನ್ ಡ್ರೈವ್ ಹಚ್ಚಿದೆ. ಹಾಡುಗಳನ್ನು ವರ್ಷದ ಪ್ರಕಾರ ಜೋಡಿಸಿದ್ದ. ಮೊದಲಿನವು ನಾವು ಹಾಡಿದ ಹಾಡುಗಳೇ, ಆದರೆ ಹಳೆಯ ಕ್ಯಾಸೆಟ್ಟಿನವಲ್ಲ. ಎಲ್ಲವನ್ನೂ ಈಗ ಹೊಸದಾಗಿ ಹಾಡಿ ತುಂಬಿಸಿದ್ದ. ಕಾಕಾನ ಹಲಗಿ ಇರಲಿಲ್ಲ. ಅದರ ಜಾಗದಲ್ಲಿ ಯಾವುದೋ ಯಂತ್ರ ಖಾಲಿ ಡಬ್ಬಿ ಬಡಿದ ಹಾಗೆ ಬಡಿಯುತ್ತಿತ್ತು. ನಮ್ಮ ಹಿಮ್ಮೇಳ ಇರಲಿಲ್ಲ. ನಮ್ಮ ಬದಲಿಗೆ ಬಾಯಿ ತುಂಬ ಸಕ್ಕರೆ ಇಟ್ಟುಕೊಂಡ ಹಾಗೆ ಯಾರೋ ಹುಡುಗಿಯರು ಹಾಡುತ್ತಿದ್ದರು. ಹಸಿವಿನ ಹಾಡನ್ನು ಊಟ ಮುಗಿಸಿ ತೇಗುತ್ತ ಹಾಡಿದ್ದಾರೆ ಎನಿಸಿತು.

ಆಮೇಲೆ ಅವನ ಭಕ್ತಿಯ ವರ್ಷಗಳು ಬಂದವು. ಐದು ಊರಿನ ಐದು ದೇವರಿಗೆ ಒಂದೇ ಅಳತೆಯ ಅಂಗಿ ಹೊಲಿದಿದ್ದ. ಹೆಸರು ಬೇರೆ, ಉಳಿದದ್ದೆಲ್ಲ ಅದೇ. ಅದರ ನಂತರ ಚುನಾವಣೆಯ ವರ್ಷಗಳು. ಒಂದು ಪಕ್ಷಕ್ಕೆ ಕಟ್ಟಿದ ಹಾಡಿನ ರಾಗವನ್ನೇ ಮುಂದಿನ ಸಲ ಎದುರಿನವರಿಗೆ ಕೊಟ್ಟಿದ್ದ. ಎರಡನ್ನೂ ಒಂದರ ಬೆನ್ನಿಗೆ ಒಂದರಂತೆ ಇದರಲ್ಲಿ ಹಾಕುವಷ್ಟು ಧೈರ್ಯವಾದರೂ ಅವನಿಗೆ ಇತ್ತಲ್ಲ, ಅದನ್ನು ಮೆಚ್ಚಬೇಕು. ಇಲ್ಲವೇ ಎರಡೂ ಒಂದೇ ಎಂದು ಅವನಿಗೇ ಗೊತ್ತಾಗಿರಲಿಕ್ಕಿಲ್ಲ. ಪುಸ್ತಕದಲ್ಲಿ ಆ ಎರಡಕ್ಕೂ "ನಾಡಿನ ಕರೆಗೆ ಓಗೊಟ್ಟು" ಎಂದು ಬರೆದುಕೊಂಡಿದ್ದ.

ಮುಂದೆ ಮದುವೆ ಮೆರವಣಿಗೆಯಲ್ಲಿ ಕುಣಿಯುವ ಒಂದು ಹಾಡು, ತನ್ನ ತಾಯಿಯ ಬಗ್ಗೆ ಒಂದು ಹಾಡು. ತಾಯಿಯ ಹಾಡಿನ ನಡುವೆ ಅವನು ಅಳುತ್ತಾನೆ. ಮೂರು ಸಲ ಅಳುತ್ತಾನೆ, ಮೂರು ಸಲವೂ ತಾಳ ತಪ್ಪದ ಹಾಗೆ. ನನ್ನ ಗಂಡ ಪತ್ರಿಕೆಯಿಂದ ತಲೆ ಎತ್ತಿ, ಇವರಿಗೆ ನೆಗಡಿಯಾಗಿದೆಯೇನು ಎಂದು ಕೇಳಿದರು. ಅವರು ನಿಜವಾಗಿಯೇ ಕೇಳಿದ್ದು.

ಕೊನೆಯ ಹಾಡು ಬಂದಾಗ ನನ್ನ ಕೈ ಹಿಟ್ಟಿನಲ್ಲೇ ನಿಂತಿತು.

ಅದು ಅವನಿಗೆ ಹೆಸರು ತಂದುಕೊಟ್ಟ ಹಾಡು, ಬಾವಿಯ ಹಾಡು. ವರ್ಷದ ಪ್ರಕಾರ ಮೊದಲಿಗೇ ಬರಬೇಕಾದದ್ದನ್ನು ಕೊನೆಗೆ ಇಟ್ಟಿದ್ದ. ಅದು ಹುಟ್ಟಿದ್ದು ಹೀಗೆ. ಬೇಸಿಗೆಯಲ್ಲಿ ನಮ್ಮ ಓಣಿಯವರು ಮೇಲಿನ ಓಣಿಯ ಬಾವಿಯ ಹತ್ತಿರ ಕೊಡ ಇಟ್ಟುಕೊಂಡು ಕಾಯಬೇಕಿತ್ತು. ನಾವು ಸೇದುವ ಹಾಗಿರಲಿಲ್ಲ. ಯಾರಾದರೂ ಮನಸ್ಸು ಬಂದವರು ಕಟ್ಟೆಯ ಮೇಲೆ ನಿಂತು, ನಮ್ಮ ಕೊಡಕ್ಕೆ ತಮ್ಮ ಕೊಡ ತಾಗದ ಹಾಗೆ ಎತ್ತರದಿಂದ ಹೊಯ್ಯುತ್ತಿದ್ದರು. ಅರ್ಧ ನೀರು ಮಣ್ಣಿಗೆ, ಕಾಲು ಭಾಗ ನಮ್ಮ ಸೀರೆಗೆ. ಒಂದು ದಿನ ಹಾಗೆ ಹೊಯ್ಯುತ್ತಿದ್ದ ಹೆಂಗಸಿಗೆ ನನ್ನ ಅಕ್ಕ ತಲೆ ಎತ್ತಿ ಹೇಳಿದಳು: "ಅಷ್ಟ ಎತ್ತರದಿಂದ ಹೊಯ್ಯಬ್ಯಾಡ್ರಿ, ನೀರಿಗಿ ನೋವಾಗತೈತಿ."

ಆ ಹೆಂಗಸಿಗೆ ಏನೆನಿಸಿತೋ, ಕೊಡ ಅಲ್ಲೇ ಕುಕ್ಕಿ ಹೋದಳು. ಸಂಜೆ ನಮ್ಮ ಮನೆಯಲ್ಲಿ ಅಕ್ಕನಿಗೆ ಅವ್ವನಿಂದ ಬೈಗುಳ. ಇವನು ಅಲ್ಲೇ ಕುಳಿತಿದ್ದ, ಎಲ್ಲ ಕೇಳಿಸಿಕೊಂಡ. ವಾರದೊಳಗೆ ಹಾಡು ಕಟ್ಟಿಕೊಂಡು ಬಂದ. ಅಕ್ಕನ ಮಾತೇ ಪಲ್ಲವಿ. ನಾವು ಅದನ್ನು ಎಷ್ಟು ಊರುಗಳಲ್ಲಿ ಹಾಡಿದೆವೋ ಲೆಕ್ಕವಿಲ್ಲ.

ಈಗ ಪೆನ್ ಡ್ರೈವಿನಲ್ಲಿ, ಕೊಳಲು ಮತ್ತು ಗಂಟೆಯ ನಡುವೆ, ಅದೇ ರಾಗದಲ್ಲಿ ಅವನು ಹಾಡುತ್ತಿದ್ದ: ಎತ್ತರದಿಂದ ಹೊಯ್ಯೋ ತಂದೆ, ನಿನ್ನ ಕರುಣೆಯ ನೀರು. ಪುಸ್ತಕ ತೆರೆದು ನೋಡಿದೆ. ಹಿಮಾಲಯದ ಒಂದು ಜಲಪಾತದ ಎದುರು ಕಣ್ಣು ಮುಚ್ಚಿ ನಿಂತಾಗ ಈ ಸಾಲು ತಾನಾಗಿ ಹೊಳೆಯಿತು ಎಂದಿತ್ತು. ನಮ್ಮೂರಿನ ಬಾವಿಕಟ್ಟೆ ಹಿಮಾಲಯದಷ್ಟು ಎತ್ತರ ಎಂದು ನಮಗೂ ಅನಿಸುತ್ತಿತ್ತು, ಆ ಮಾತು ಬೇರೆ.

ಮುಂದಿನ ರವಿವಾರ ಬಸ್ಸು ಹತ್ತಿ ತಿಕೋಟಾಕ್ಕೆ ಹೋದೆ. ಅಕ್ಕ ಮದುವೆಯಾಗಿ ಹೋದ ಊರು ಅದು. ಈಗ ಅವಳು ಒಣದ್ರಾಕ್ಷಿ ಆರಿಸುವ ಶೆಡ್ಡಿನಲ್ಲಿ ಇಪ್ಪತ್ತು ಹೆಣ್ಣುಮಕ್ಕಳ ಕೆಲಸ ನೋಡಿಕೊಳ್ಳುತ್ತಾಳೆ. ಹಂಗಾಮಿನಲ್ಲಿ ಅವಳಿಗೆ ರವಿವಾರವೂ ಇಲ್ಲ. ನಾನು ಹೋದಾಗ ಎಲ್ಲರೂ ಸಾಲಾಗಿ ಕುಳಿತು ತೊಟ್ಟು, ಕಪ್ಪಾದ ಕಾಳು ತೆಗೆಯುತ್ತಿದ್ದರು. ಮೂಲೆಯಲ್ಲಿ ಒಂದು ಸ್ಪೀಕರ್ ಹಾಡುತ್ತಿತ್ತು. ನಾನು ಪೆನ್ ಡ್ರೈವ್ ಕೊಟ್ಟೆ. ಕೋಪದಲ್ಲಿ ಎಲ್ಲ ಮೊದಲೇ ಹೇಳಿಬಿಡಬೇಕು ಎಂದುಕೊಂಡಿದ್ದವಳು ತಡೆದುಕೊಂಡು, ಸುಮ್ಮನೆ ಕೇಳು ಎಂದಷ್ಟೇ ಅಂದೆ.

ದೇವರ ಹಾಡುಗಳು ಬಂದಾಗ ಯಾರೂ ಕಿವಿಗೊಡಲಿಲ್ಲ, ತಮ್ಮ ಮಾತು ತಾವು ಆಡಿದರು. ಮದುವೆಯ ಹಾಡಿಗೆ ಮಾತ್ರ ಇಡೀ ಶೆಡ್ಡು ದನಿಗೂಡಿಸಿತು. ಅಕ್ಕ ಕೂಡ! ಕುಳಿತಲ್ಲೇ ಭುಜ ಕುಣಿಸಿದಳು. ನನಗೆ ಮೈ ಉರಿಯಿತು. ಇದು ಅವನದೇ ಹಾಡು ಎಂದೆ. ಗೊತ್ತಿದೆ, ಚಲೋ ಇದೆಯಲ್ಲ, ಕೆಲಸ ಸಾಗುತ್ತದೆ ಎಂದಳು.

ಬಾವಿಯ ಹಾಡು ಬಂತು. ಅಕ್ಕ ರಾಗದ ಮೊದಲ ಎಳೆಗೇ ಗುರುತು ಹಿಡಿದಳು. ಮುಖ ಅರಳಿತು. ಆಮೇಲೆ ಮಾತು ಕೇಳಿಸಿತು. ಕೈಯಲ್ಲಿದ್ದ ಜರಡಿ ಕೆಳಗಿಟ್ಟು ಮತ್ತೊಮ್ಮೆ ಹಚ್ಚಲು ಹೇಳಿದಳು. ಎರಡನೆಯ ಸಲ ಪೂರಾ ಕೇಳಿ ಅಂದಳು: "ನಾ ಹೊಯ್ಯಬ್ಯಾಡ ಅಂದಿದ್ದೆ. ಇಂವ ಹೊಯ್ಯಿ ಅಂತಾನಲ್ಲ ಬೇ."

ಪುಸ್ತಕದ ಹಿಮಾಲಯವನ್ನೂ ಓದಿ ಹೇಳಿದೆ. ಅವಳಿಗೆ ಅದು ಅಷ್ಟು ನಾಟಲಿಲ್ಲ. ಹೆಸರು ಹಾಕದಿದ್ದರೆ ಹೋಗಲಿ, ಮಾತನ್ನು ತಿರುವಿದ್ದು ಯಾಕೆ ಎಂಬುದೊಂದೇ ಅವಳ ಪ್ರಶ್ನೆ. ಅದನ್ನು ಅವನನ್ನೇ ಕೇಳೋಣ ಎಂದಳು. ಬೈದು ಬರೆದ ಒಂದು ಪತ್ರದ ಕರಡು ನನ್ನ ಚೀಲದಲ್ಲಿತ್ತು. ಎದುರು ಹೋಗುವ ಯೋಚನೆ ನನಗೆ ಬಂದಿರಲೇ ಇಲ್ಲ ಎಂದು ಆಗ ತಿಳಿಯಿತು. ಕಚೇರಿಯಲ್ಲಿ ಕೂತು ಕೂತು ನನ್ನ ಸಿಟ್ಟು ಕೂಡ ಅರ್ಜಿಯ ರೂಪ ತಾಳಿತ್ತು.

ಹದಿನೈದು ದಿನಕ್ಕೆ ಬಬಲೇಶ್ವರದ ಒಂದು ಕಲ್ಯಾಣ ಮಂಟಪದಲ್ಲಿ ಅವನಿಗೆ ಹುಟ್ಟೂರಿನ ಸನ್ಮಾನವಿತ್ತು. ಅಕ್ಕ ಒಂದು ದಿನದ ರಜೆ ಹಾಕಿ ಬಂದಳು. ನಾವಿಬ್ಬರೂ ಹಿಂದಿನ ಸಾಲಿನಲ್ಲಿ ಕುಳಿತೆವು. ಮಾತಾಡಿದವರೆಲ್ಲ ಅವನನ್ನು ನೆಲದ ದನಿ ಎಂದರು. ನೆಲದ ದನಿ ವೇದಿಕೆಯ ಮೇಲೆ ಸೋಫಾದಲ್ಲಿ ಕುಳಿತು, ತನ್ನನ್ನು ಹೊಗಳಿದ ಪ್ರತಿ ಮಾತಿಗೂ ಕಣ್ಣು ಮುಚ್ಚಿ ತಲೆ ಅಲ್ಲಾಡಿಸುತ್ತಿತ್ತು. ಶಾಲಿನ ಮೇಲೆ ಶಾಲು ಬಿದ್ದು ಕುತ್ತಿಗೆ ಕಾಣದಾಯಿತು.

ಕಾರ್ಯಕ್ರಮ ಮುಗಿದ ಮೇಲೆ ಜನ ಫೋಟೊ ತೆಗೆಸಿಕೊಳ್ಳಲು ಸಾಲು ನಿಂತರು. ನಾವೂ ನಿಂತೆವು. ನಮ್ಮ ಸರದಿ ಬಂದಾಗ ಅವನು ನನ್ನನ್ನು ನೋಡಿ, ಎಲ್ಲರಿಗೂ ನಕ್ಕ ಹಾಗೆಯೇ ನಕ್ಕ. ಆರು ವರ್ಷ ಅವನ ಎಡಕ್ಕೆ ನಿಂತು ಹಾಡಿದವಳು ನಾನು. ಗುರುತಿನ ಒಂದು ಎಳೆಯೂ ಆ ಮುಖದಲ್ಲಿ ಇರಲಿಲ್ಲ. ಆದರೆ ನನ್ನ ಹಿಂದಿದ್ದ ಅಕ್ಕನನ್ನು ಕಂಡ ಕೂಡಲೇ ನಗು ನಿಂತಿತು.

"ಅಕ್ಕಾರ," ಎಂದ. ಅಕ್ಕ ಅವನಿಗಿಂತ ಮೂರು ವರ್ಷ ಸಣ್ಣವಳು.

ಅಕ್ಕ ದನಿ ಏರಿಸಲಿಲ್ಲ. ಹಾಡು ಕೇಳಿದೆ ಎಂದಳು. ಬಾವಿಯ ಹಾಡನ್ನು ಯಾಕೆ ತಿರುವಿದಿರಿ ಎಂದು ಕೇಳಿದಳು. ಅವನು ಸುತ್ತ ನೋಡಿ, ಫೋಟೊದವರನ್ನು ಆಚೆ ಕಳಿಸಿ, ಮೆಲ್ಲಗೆ ಹೇಳಿದ: "ಆ ಹಾಡಿಗಿ ಈಗ ಕೇಳೋರಿಲ್ಲರಿ ಅಕ್ಕಾರ. ಹಂಗ ಹಾಡಿದ್ರ ಯಾವ ಊರಾಗೂ ಕರ್ಯಂಗಿಲ್ಲ. ರಾಗಾದ್ರೂ ಉಳೀಲಿ ಅಂತ ಮಾತು ಬದಲ ಮಾಡ್ದೆ."

"ಕೇಳೋರು ಅವತ್ತೂ ಇರಲಿಲ್ಲರಿ," ಎಂದಳು ಅಕ್ಕ. "ಅದಕ್ಕ ಹೇಳಿದ್ದು ನಾ."

ಸಿಕ್ಕಿಬಿದ್ದ ದೊಡ್ಡ ಮನುಷ್ಯರು ಮಾಡುವುದನ್ನೇ ಅವನೂ ಮಾಡಿದ: ತನ್ನ ಹೆಗಲಿನ ಒಂದು ಶಾಲು ತೆಗೆದು ಅಕ್ಕನಿಗೆ ಹೊದಿಸಲು ಬಂದ. ಅಕ್ಕ ಎರಡು ಹೆಜ್ಜೆ ಹಿಂದೆ ಸರಿದಳು. ಶಾಲು ಬೇಡ, ಆ ಹಾಡನ್ನು ಇದ್ದ ಹಾಗೆ ಒಮ್ಮೆ ಹಾಡಿ ಎಂದಳು. ಮಾತುಗಳು ಮರೆತುಹೋಗಿವೆ ಎಂದ. ನಾನು ಹೇಳಿಕೊಡುತ್ತೇನೆ ಎಂದಳು.

ಮೈಕು ಬಿಚ್ಚಿಯಾಗಿತ್ತು. ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ಆ ಸಪ್ಪಳದ ನಡುವೆ ಅವನು ವೇದಿಕೆಯ ಮೆಟ್ಟಿಲ ಮೇಲೆ ಕುಳಿತು ಹಾಡಿದ. ಹೇಳಲು ಮನಸ್ಸಿಲ್ಲ, ಆದರೂ ಹೇಳಬೇಕು: ದನಿ ಚೆನ್ನಾಗಿತ್ತು. ಪೆನ್ ಡ್ರೈವಿನ ಎಣ್ಣೆ ಜಿಡ್ಡು ಅದರಲ್ಲಿ ಇರಲಿಲ್ಲ. ಕುರ್ಚಿ ಪೇರಿಸುತ್ತಿದ್ದವರಲ್ಲಿ ಒಬ್ಬ ಕೈ ನಿಲ್ಲಿಸಿ ಕೇಳಿದ. ಪಲ್ಲವಿ ಬಂದಾಗ ನನ್ನ ಬಾಯಿ ತಾನಾಗಿ ತೆರೆಯಿತು. ಹಾಡಬಾರದು ಎಂದು ಅಂದುಕೊಂಡಿದ್ದೆ, ಹಾಡಿದೆ. ಆಗ ಅವನು ತಿರುಗಿ ನನ್ನನ್ನು ನೋಡಿದ. ಗುರುತು ಸಿಕ್ಕಿತು. ನಾಚಿಕೆಯೋ ಏನೋ, ಕಣ್ಣು ಕೆಳಗೆ ಹಾಕಿದ.

ಮೊದಲ ಎರಡು ನುಡಿಗೆ ಅಕ್ಕ ಮಾತು ಹೇಳಿಕೊಟ್ಟಳು. ಮೂರನೆಯ ನುಡಿಗೆ ಅವಳು ಬಾಯಿ ತೆರೆಯುವ ಮೊದಲೇ ಅವನು ಹಾಡಿಯಾಗಿತ್ತು, ಒಂದು ಅಕ್ಷರ ತಪ್ಪದೆ. ಅದು ಆ ಹಾಡಿನ ಕಠಿಣ ನುಡಿ. ಮೇಲಿನ ಓಣಿ, ಕೆಳಗಿನ ಓಣಿ ಎಂದು ಬಿಡಿಸಿ ಹೇಳುವ ನುಡಿ. ಮರೆತಿದ್ದೇನೆ ಎಂದದ್ದು ಸುಳ್ಳು. ಅಷ್ಟರಲ್ಲಿ ಯಾರೋ ಬಂದು ಊಟಕ್ಕೆ ಹಿರಿಯರು ಕಾಯುತ್ತಿದ್ದಾರೆ ಎಂದು ಕರೆದರು. ಅವನು ಎದ್ದು, ನಮ್ಮಿಬ್ಬರಿಗೂ ಕೈ ಮುಗಿದು ಹೋದ. ನಾಲ್ಕನೆಯ ನುಡಿ ಉಳಿಯಿತು.

ಮರಳುವಾಗ ಬಸ್ಸಿನಲ್ಲಿ ಅಕ್ಕನ ಮುಂದೆ ನಾನು ಅವನನ್ನು ಬೈಯುತ್ತಲೇ ಬಂದೆ. ಮರೆತವನಾಗಿದ್ದರೆ ಬಿಡಬಹುದಿತ್ತು, ಎಲ್ಲ ನೆನಪಿಟ್ಟುಕೊಂಡೇ ಮಾಡಿದ್ದಾನೆ ಎಂದೆ. ಅಕ್ಕ ಕಿಟಕಿಯ ಕಡೆ ನೋಡುತ್ತ, ಅವನು ದಪ್ಪಗಾಗಿದ್ದಾನೆ, ಮೆಟ್ಟಿಲ ಮೇಲೆ ಕೂತು ಏಳಲು ಎಷ್ಟು ಕಷ್ಟಪಟ್ಟ ನೋಡು ಎಂದಳು. ಅವಳ ಸಿಟ್ಟು ಅಲ್ಲೇ, ಮಂಟಪದಲ್ಲೇ ಮುಗಿದಿತ್ತು. ನನ್ನದು ಮುಗಿಯಲಿಲ್ಲ.

ಏನೂ ಬದಲಾಗಲಿಲ್ಲ. ಕೆಲವು ತಿಂಗಳ ನಂತರ ಅದೇ ಹಾಡುಗಳ ಎರಡನೆಯ ಕಂತು ಬಂತು. ಪುಸ್ತಕದಲ್ಲಿ ಹಿಮಾಲಯ ಹಾಗೆಯೇ ಇತ್ತು, ಜಲಪಾತಕ್ಕೆ ಒಂದು ಫೋಟೊ ಸೇರಿತ್ತು. ನಾನು ಪತ್ರ ಕಳಿಸಲಿಲ್ಲ. ಅವನು ಓದುವುದಿಲ್ಲ ಎಂಬುದಕ್ಕಿಂತ, ಓದಿದರೆ ಚೆಂದದ ಒಂದು ಉತ್ತರ ಬರೆಯುತ್ತಾನೆ ಎಂಬ ಹೆದರಿಕೆಯೇ ಹೆಚ್ಚಾಗಿತ್ತು.

ಈ ವರ್ಷ ವಿಜಯಪುರದ ನಮ್ಮ ಬಡಾವಣೆಯ ಬೌದ್ಧ ವಿಹಾರದಲ್ಲಿ ಏಪ್ರಿಲ್ ತಿಂಗಳ ಜಯಂತಿಯ ಕಾರ್ಯಕ್ರಮಕ್ಕೆ ಹುಡುಗಿಯರಿಗೆ ಹಾಡು ಕಲಿಸಲು ನನಗೆ ಹೇಳಿದರು. ಬಾವಿಯ ಹಾಡನ್ನು ನಾಲ್ಕೂ ನುಡಿ ಬರೆದುಕೊಟ್ಟೆ. ಅವರು ಎತ್ತರದ ಸ್ವರದಲ್ಲಿ ಕಿರುಚುತ್ತಾರೆ, ತಾಳ ಓಡಿಸುತ್ತಾರೆ. ಒಬ್ಬಳು ಇದನ್ನು ಬರೆದವರು ಯಾರು ಎಂದು ಕೇಳಿದಳು. ಪಲ್ಲವಿ ನಮ್ಮ ಅಕ್ಕನದು ಎಂದೆ. ಹುಡುಗಿ ಬರೆದುಕೊಂಡು, ಉಳಿದದ್ದು ಎಂದು ಪೆನ್ನು ಹಿಡಿದು ಕಾದಳು. ಸ್ವಲ್ಪ ತಡಮಾಡಿ ಅವನ ಹೆಸರನ್ನೂ ಹೇಳಿದೆ.