ಬೇರೆಯವರ ಕೈ ಬಿದ್ದ ಕೂದಲು

ಪಾರ್ಲರಿನಲ್ಲಿ ಹೇರ್ ಸ್ಪಾ ಮಾಡುವಾಕೆಗೆ ಗಿರಾಕಿಗಳ ತಲೆಯ ವಿಷಯದಲ್ಲಿ ಸವತಿಮತ್ಸರ. ಕ್ರೀಮು ಹಚ್ಚಿ, ಹಬೆ ಕೊಟ್ಟು, ತೊಳೆದು ಕಳುಹಿಸುವಾಗ ಬಾಗಿಲವರೆಗೂ ಹಿಂದೆಯೇ ಬರುತ್ತಾಳೆ: "ಎರಡು ದಿನ ಶಾಂಪೂ ಮುಟ್ಟಬೇಡಿ ಅಕ್ಕ, ಬಿಸಿನೀರಂತೂ ಬೇಡವೇ ಬೇಡ. ಹಲ್ಲು ಅಗಲ ಇರೋ ಬಾಚಣಿಗೆ ತಗೊಳ್ಳಿ. ಬಿಗಿಯಾಗಿ ಕಟ್ಟಿದ್ರೋ, ನನ್ನಾಣೆ!" ತಿಂಗಳು ಕಳೆದು ಅದೇ ತಲೆ ಮರಳಿದಾಗ ನೆತ್ತಿಯ ಮೇಲೆ ಒಂದು ಬೆರಳಿಟ್ಟರೆ ಸಾಕು, ಎಲ್ಲವೂ ಹೊರಬೀಳುತ್ತದೆ. "ಟವೆಲಿನಲ್ಲಿ ಗಸಗಸ ಉಜ್ಜಿದ್ದೀರಿ. ಎದುರುಗಡೆ ಪಾರ್ಲರಿಗೂ ಹೋಗಿದ್ರಿ, ಅಲ್ವಾ?" ಎಂಬ ಆ ದನಿಗೆ ಹೆದರಿ ವಕೀಲೆಯೊಬ್ಬರು, ತುದಿ ಕತ್ತರಿಸಿದ್ದು ತಮ್ಮ ತಂಗಿಯೇ ಎಂದು ಸುಳ್ಳು ಸಾಕ್ಷಿ ನುಡಿದದ್ದುಂಟು. ಊರವರ ಕೂದಲನ್ನೆಲ್ಲ ಹೀಗೆ ಕಾಯುವ ಆಕೆ ಬೆಳಿಗ್ಗೆ ಬೇಗ ಕೆಲಸಕ್ಕೆ ಹೊರಡುವುದರಿಂದ, ಸ್ವಂತ ಮಗಳಿಗೆ ಜಡೆ ಹಾಕುವವಳು ಹಿರಿಯ ಓರಗಿತ್ತಿ. ರಜೆ ಸಿಕ್ಕ ಒಂದು ಬೆಳಿಗ್ಗೆ ಆಸೆಯಿಂದ ಬಾಚಣಿಗೆ ಹಿಡಿದು ಕುಳಿತರೆ ಮಗಳು ಹಿಂದೆ ಸರಿದಳು: "ನೀನು ಬೇಡಮ್ಮ, ಸಡಿಲ ಹಾಕ್ತೀಯ, ಶಾಲೇಲಿ ಬಿಚ್ಚಿಹೋಗುತ್ತೆ. ದೊಡ್ಡಮ್ಮನೇ ಹಾಕಲಿ." ಆಕೆ ಬಾಚಣಿಗೆಯನ್ನು ಓರಗಿತ್ತಿಯ ಕೈಗೆ ಕೊಟ್ಟು, "ನಿಧಾನ ಅಕ್ಕ, ಸಿಕ್ಕು ಎಳೀಬೇಡಿ" ಎಂದಷ್ಟೇ ಹೇಳಿದಳು. ಶಾಲೆಗೆ ಹೊರಟ ಮಗಳನ್ನು ಬಾಗಿಲಲ್ಲಿ ನಿಲ್ಲಿಸಿ, ಪಾರ್ಲರಿನಲ್ಲಿ ಮಾಡುವಂತೆಯೇ ನೆತ್ತಿಯ ಮೇಲೆ ಬೆರಳಿಟ್ಟಳು. ಜಡೆ ಗಟ್ಟಿಯಾಗಿ ನಿಂತಿತ್ತು, ಆದರೆ ಬುಡ ಎಲ್ಲಿಯೂ ಜಗ್ಗಿರಲಿಲ್ಲ. ಬೈತಲೆಯಿಂದ ತುದಿಯ ರಿಬ್ಬನ್ನಿನವರೆಗೆ ಎರಡು ಸಲ ಹುಡುಕಿದಳು. ಹಿಡಿಯಲು ಒಂದು ತಪ್ಪೂ ಸಿಗಲಿಲ್ಲ.